ಇದ್ದಂಗೆ ಮಾಡೋ ಗುಂಡಿ

ಆಗಸ್ಟ್ 18, ಸೋಮವಾರ

ಯಾರದು ಈ ಪುಸ್ತಕ ಬಿಚ್ಚಿರೋದು? ನಾಚಿಕೆ ಆಗಕಿಲ್ವಾ? ಮುದುಕಿ ಬರೆದಿಟ್ಟಿದ್ದನ್ನ ಕದ್ದು ಓದೋ ಬದಲು ಹೋಗಿ ಹಸಕ್ಕೆ ಒಂದು ಬಕೆಟ್ ನೀರಿಡಿ. ಕೆಂಪರಾಜು, ನೀನಾಗಿದ್ರೆ ಈಗಲೇ ಮುಚ್ಚಿ ಎದ್ದೋಗ್ಲಾ. ಹೆತ್ತವಳ ಪಕ್ಕ ಕೂತು ನಾಲ್ಕು ಮಾತಾಡೋಕೆ ಪುರಸೊತ್ತಿಲ್ಲ, ಅವಳು ಏನು ಬರೀತಾಳೆ ಅಂತ ನೋಡೋಕೆ ಪುರಸೊತ್ತೈತಾ? ಬೇರೆ ಯಾರಾದ್ರೂ ಆಗಿದ್ರೆ, ಕೈ ತೊಳ್ಕೊಂಡಿದ್ದೀರಾ? ಇದು ರೇಷ್ಮೆ ಹುಳದ ಮನೆ ಕಿಟಕಿ ಮೇಲಿರೋ ಪುಸ್ತಕ. ಕೊಳಕು ಕೈಯಲ್ಲಿ ಮುಟ್ಟಿ ನನ್ನ ಹುಳಕ್ಕೆ ರೋಗ ತರಬೇಡಿ.

ನಾನು ಓದಿದ್ದು ಹೊಂಗನೂರು ಸ್ಕೂಲಲ್ಲಿ ನಾಲ್ಕನೇ ಕ್ಲಾಸು. ತಪ್ಪು ಕಂಡ್ರೆ ಬಾಯಿ ಮುಚ್ಕೊಂಡಿರಿ.

ಬರೆಯೋ ಚಾಳಿ ನನಗಿರಲಿಲ್ಲ. ಮೊದಲು ಬಾಯಿಗೆ ಬೇಕಾದಷ್ಟು ಕೆಲಸ ಇತ್ತು. ಬೆಳಗ್ಗೆ ಎದ್ರೆ ಮರಳವಾಡಿಯೋಳ ಜೊತೆ ಶುರು, ದೀಪ ಹಚ್ಚೋವರೆಗೂ. ಹುಳದ ಸೊಪ್ಪು ದಪ್ಪ ಹೆಚ್ಚಿದ್ದೀಯ ಅಂತ ನಾನು, ನಿಮ್ಮ ಕಣ್ಣಿಗೆ ಎಲ್ಲ ದಪ್ಪವೇ ಅಂತ ಅವಳು. ಮರಳವಾಡಿಯೋಳು ಅಂದ್ರೆ ನನ್ನ ಸೊಸೆ ರಮ್ಯಾ. ಹೋದ ಕಾರ್ತೀಕದಲ್ಲಿ ಡೆಂಗಿ ಜ್ವರ ಬಂದು ಹೋದ್ಲು. ಈಗ ಬೈಯೋಕೆ ಯಾರೂ ಇಲ್ಲ. ಹಸ ಎದುರುತ್ತರ ಕೊಡಲ್ಲ.

ವರ್ಷದ ತಿಥಿ ಅಕ್ಟೋಬರ್ ಕೊನೇಲಿ. ಕೆಂಪರಾಜು ಇವತ್ತೇ ಚನ್ನಪಟ್ಟಣದಿಂದ ಹೆಂಡತಿ ಪಟ ದೊಡ್ಡದು ಮಾಡಿಸಿ, ಕಟ್ಟು ಹಾಕಿಸ್ಕೊಂಡು ತಂದ. ಇಷ್ಟು ಮುಂಚೆ ಯಾಕ್ಲಾ ಅಂದ್ರೆ, ಗೋಡೆ ಬರಿದಾಗಿ ಕಾಣ್ತದೆ ಅವ್ವ ಅಂದ. ಬಾಯಲ್ಲಿ ಮೊಳೆ ಕಚ್ಕೊಂಡು ಸುತ್ತಿಗೆ ಎತ್ತಿದ್ದ, ಅಷ್ಟರಲ್ಲಿ ಅವನ ಮಗಳು ಸಿರಿ ಬಂದು ನಿಂತು ನೋಡಿತು. ಐದು ತುಂಬಿದ ಕೂಸು.

"ಅಜ್ಜಿ, ಈ ಆಂಟಿ ಯಾರು?"

ಕೆಂಪರಾಜು ಬಾಯಿಂದ ಮೊಳೆ ತೆಗೆದು ಜೇಬಿಗೆ ಹಾಕ್ಕೊಂಡು ಕೊಟ್ಟಿಗೆ ಕಡೆ ಹೋದ. ನಾನು ಪಟಾನ ರಾಗಿ ಮೂಟೆ ಪಕ್ಕ ಗೋಡೆ ಕಡೆ ತಿರುಗಿಸಿ ಇಟ್ಟೆ.

ಆಗಸ್ಟ್ 20, ಬುಧವಾರ

ಬೇರೆ ಪಟ ಸಿಕ್ತದಾ ಅಂತ ರಮ್ಯಾಳ ಫೋನು ಚಾರ್ಜಿಗೆ ಹಾಕಿ ನೋಡಿದ್ವಿ. ರಾಶಿ ರಾಶಿ ಅವೆ. ಎಲ್ಲಾ ಅವಳೇ ಕೈ ಚಾಚಿ ತಗೊಂಡಿರೋ ಸೆಲ್ಫಿ. ಎಲ್ಲಾ ಒಂದೇ ಆ್ಯಪಲ್ಲಿ, ಮೊಕ ಬೆಳ್ಳಗೆ ಮಾಡೋದ್ರಲ್ಲಿ. ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆ ಹಂಗವ್ಳೆ. ಮಚ್ಚೆ ಇಲ್ಲ. ಮೇಲಿನ ಹಲ್ಲಿನ ಮೇಲೊಂದು ಹಲ್ಲು ಇತ್ತಲ್ಲ, ಅದಿಲ್ಲ. ಮೂಗು ಅರ್ಧಕ್ಕೆ ಅರ್ಧ ಕರಗೈತೆ.

ಆಧಾರ್ ಕಾರ್ಡಿನದು ಮದುವೆಗೆ ಮುಂಚೆ ತೆಗೆದಿದ್ದು, ದೊಡ್ಡದು ಮಾಡಿದ್ರೆ ರಾಗಿ ಅಂಬಲಿ. ಮದುವೆ ಆಲ್ಬಮ್ಮಿನಲ್ಲಿ ಸುಣ್ಣ ಬಳಿದು ಕೂರ್ಸವ್ರೆ.

ಕೆಂಪರಾಜು ಕಟ್ಟು ಹಾಕಿಸಿರೋದು ಹೋದ ವರ್ಷದ ಯುಗಾದಿದು. ಹಸಿರು ಸೀರೆ. ಅದರಲ್ಲೂ ಅವಳ ಸೊಕ್ಕು ನೋಡಬೇಕು. ಸೇಟುಗಳ ಮನೆ ಹೆಂಗಸರ ಥರ ಸೆರಗು ಬಲಗಡೆ ಭುಜಕ್ಕೆ ಹಾಕ್ಕೊಂಡವ್ಳೆ. ನಮ್ಮ ವಂಶದಲ್ಲಿ ಯಾರಾದ್ರೂ ಬಲಕ್ಕೆ ಸೆರಗು ಹಾಕಿದ್ದುಂಟಾ? ಅವತ್ತು ನಾನು ಗಮನಿಸಿದ್ರೆ ಅಲ್ಲೇ ಬಿಡಿಸಿ ಉಡಿಸ್ತಿದ್ದೆ.

ಬೆಳ್ಳಗೆ ಕಾಣೋ ಹುಚ್ಚು ಯಾಕಿತ್ತೋ. ಕರೀಕ್ಕ ಅಂತ ನಾನೊಬ್ಬಳೇ ಕೂಗ್ತಿದ್ನಾ? ಬೀದಿಯೆಲ್ಲ ಕೂಗ್ತಿತ್ತು.

ಆಗಸ್ಟ್ 23, ಶನಿವಾರ

ಪಟಾನ ಹಳೇ ಟವೆಲಲ್ಲಿ ಸುತ್ಕೊಂಡು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿದ್ದೆ. ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೋಳು ಅಸ್ರಾ ಅಂತ ಒಂದು ಹುಡುಗಿ. ಅವರ ಚಿಕ್ಕಪ್ಪನ ಅಂಗಡಿ.

"ಏನಮ್ಮಾ, ಇದು ನೀನು ಮಾಡಿದ್ದಾ?"

"ಹೌದಜ್ಜಿ. ಚೆನ್ನಾಗಿ ಬಂದಿಲ್ವಾ?"

"ಬಂದೈತೆ. ಯಾರದು ಅಂತ ಮಾತ್ರ ಗೊತ್ತಾಗ್ತಿಲ್ಲ."

ನಕ್ಕಳು. ಕೂಸು ಕೇಳಿದ ಮಾತು ಹೇಳಿದೆ. ನಗೋದು ನಿಲ್ಲಿಸಿ ಸ್ಟೂಲು ಎಳೆದು ಕೂರಿಸಿದಳು.

ಕಂಪ್ಯೂಟರಲ್ಲಿ ಏನೇನೈತೆ ಅಂತ ತೋರಿಸಿದಳು. ಒಂದು ಗೆರೆ ಎಳೆದ್ರೆ ಬೆಳ್ಳಗಾಗ್ತದೆ, ಇನ್ನೊಂದು ಎಳೆದ್ರೆ ನುಣ್ಣಗೆ. ಗಲ್ಲ ಸಣ್ಣ ಮಾಡೋದು, ಕಣ್ಣು ದೊಡ್ಡದು ಮಾಡೋದು, ಎಲ್ಲಕ್ಕೂ ಒಂದೊಂದು.

"ಉಲ್ಟಾ ಎಳಿ" ಅಂದೆ.

"ಎಳೀಬಹುದು ಅಜ್ಜಿ. ಹೋಗಿದ್ದು ಬರಲ್ಲ. ನಾನು ಮಾಡಿದ್ದು ಕಾಲು ಪಾಲು, ಮುಕ್ಕಾಲು ಪಾಲು ಫೋನೇ ಅಳಿಸಿಬಿಟ್ಟಿದೆ."

"ಅಳಿಸಿದ್ದನ್ನ ಎಲ್ಲಾದ್ರೂ ಎತ್ತಿಟ್ಟಿರಬೇಕಲ್ಲ?"

"ಇಡಲ್ಲ ಅಜ್ಜಿ."

ನಾವು ಹುಳದ ಹಿಕ್ಕೆ ಕೂಡ ಬಿಸಾಡಲ್ಲ, ಗೊಬ್ಬರಕ್ಕೆ ಇಡ್ತೀವಿ. ಇವರು ಮನುಷ್ಯರ ಮೊಕ ಬಿಸಾಡ್ತಾರಂತೆ.

"ಇದನ್ನ ಮಾಡಿದೋರು ಯಾವೂರೋರು? ನಂಬರ್ ಕೊಡು, ನಾನೇ ಕೇಳ್ತೀನಿ."

"ಯಾವೂರೋ ಗೊತ್ತಿಲ್ಲ. ಆದರೆ ಇದರಲ್ಲೇ ಒಂದು ಜಾಗ ಇದೆ. ಏನು ಸರಿ ಮಾಡಬೇಕು, ಹೊಸದಾಗಿ ಏನು ಬೇಕು ಬರೀರಿ ಅಂತ ಕೇಳ್ತಾರೆ. ನಾನೂ ಒಂದ್ಸಲ ಬರೆದೆ, ಕನ್ನಡ ಒತ್ತಕ್ಷರ ಒಡೆದು ಹೋಗ್ತವೆ ಅಂತ. ಧನ್ಯವಾದ ಅಂತ ಉತ್ತರ ಬಂತು. ಅಕ್ಷರ ಇನ್ನೂ ಒಡೀತಾನೇ ಇದೆ."

ಕೇಳ್ತಾರಲ್ಲ, ಹಂಗಾದ್ರೆ ಹೇಳಾನ. ಬಸ್ಸಲ್ಲಿ ಬರ್ತಾ ಯೋಚನೆ ಮಾಡ್ಕೊಂಡೆ. ಮೊದಲನೇದು, ಕೇಳ್ದೆ ಗೀಳ್ದೆ ಯಾರನ್ನೂ ಬೆಳ್ಳಗೆ ಮಾಡಕೂಡದು. ಆಮೇಲೆ, ಒಂದು ಗೆರೆ ಅಳಿಸಿದ್ರೂ ಮೊದಲಿದ್ದ ಪಟಾನ ಒಳಗೆ ಎತ್ತಿಡಬೇಕು. ಮಚ್ಚೆ ಕಂಡ್ರೆ ಕೊಳೆ ಅಂದ್ಕೊಂಡು ಒರೆಸೋಕೆ ಹೋಗಬಾರದು. ಇನ್ನೂ ಏನೋ ಇತ್ತು. ಬಸ್ಸು ಕುಲುಕಿ ಮರೆತೋಯ್ತು.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ನಮಗೆ ಈ ವರ್ಷ ಹಬ್ಬ ಇಲ್ಲ. ಅನ್ನ ಸಾರು ಮಾಡಿದ್ದೆ. ಮರಳವಾಡಿಯಿಂದ ಬೀಗಿತ್ತಿ ಸಿದ್ದಮ್ಮ ಬಂದಿದ್ರು. ವರ್ಷಾ ವರ್ಷ ಮಗಳಿಗೆ ಬಾಗಿನ ತರ್ತಿದ್ದ ಚೀಲದಲ್ಲೇ ಮೊಮ್ಮಗಳಿಗೆ ಬಳೆ ತಂದಿದ್ರು.

ಮೂಟೆ ಪಕ್ಕ ಇದ್ದ ಪಟ ಕಣ್ಣಿಗೆ ಬಿತ್ತು. ತಿರುಗಿಸಿ ಸೆರಗಲ್ಲಿ ಗಾಜು ಒರೆಸಿದ್ರು.

"ಎಷ್ಟು ಲಕ್ಷಣವಾಗವ್ಳೆ ನನ್ನ ಮಗಳು. ಯಾಕ್ರಮ್ಮಾ ಹಿಂಗೆ ಗೋಡೆ ನೋಡೋ ಹಂಗಿಟ್ಟಿದ್ದೀರಿ?"

"ಅದು ನಿಮ್ಮ ಮಗಳಲ್ಲ ಸಿದ್ದಮ್ಮ. ಕೂಸು ಗುರುತು ಹಿಡೀಲಿಲ್ಲ."

"ಕೂಸು ಚಿಕ್ಕದು. ಇದನ್ನೇ ನೋಡ್ತಾ ನೋಡ್ತಾ ಇದೇ ನಮ್ಮಮ್ಮ ಅಂತ ಕಲ್ತ್ಕೊತದೆ ಬುಡಿ."

"ಇಲ್ದಿದ್ದೋಳನ್ನ ಯಾಕೆ ಕಲೀಬೇಕು?"

ಆವಮ್ಮ ಜಗಳಕ್ಕೆ ಬರಲಿಲ್ಲ. ಮೆಲ್ಲಗೆ ಅಂದ್ರು: "ಹುಟ್ಟಿದಾಗಿಂದ ಕರೀಕ್ಕ ಕರೀಕ್ಕ ಅನ್ನಿಸ್ಕೊಂಡೇ ಬೆಳೆದಳು. ಕೊಟ್ಟ ಮನೇಲೂ ಅದೇ ಆಯ್ತು. ಗೋಡೆ ಮೇಲಾದ್ರೂ ಒಸಿ ಬೆಳ್ಳಗಿರಲಿ."

ನಾನು ಸಾರು ಬಿಸಿ ಮಾಡೋಕೆ ಒಳಗೆ ಹೋದೆ. ಸಾರು ಬಿಸಿಯಾಗೇ ಇತ್ತು.

ಇದನ್ನೇ ಕಲ್ತ್ಕೊತದೆ ಅಂದ್ರಲ್ಲ ಸಿದ್ದಮ್ಮ. ಹೌದು, ಕಲ್ತ್ಕೊತದೆ. ಇನ್ನೊಂದು ವರ್ಷಕ್ಕೆ ಆ ಸುಲಿದ ಮೊಟ್ಟೆನೇ ಅದಕ್ಕೆ ಅಮ್ಮ. ನಮ್ಮ ಮನೇಲಿ ಸೊಪ್ಪು ಹೆಚ್ಚಿದೋಳು, ನನಗೆ ಎದುರು ಮಾತಾಡಿದೋಳು, ಇದರ ತಲೆ ಬಾಚಿದೋಳು ಯಾರೂ ಅಲ್ಲ ಅಂತಾಗ್ತದೆ.

ಸೆಪ್ಟೆಂಬರ್ 1, ಸೋಮವಾರ

ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಪೊರೆ ಬಿಡೋಕೆ ಮುಂಚೆ ತಲೆ ಎತ್ಕೊಂಡು ಅಲ್ಲಾಡದೆ ಕೂರ್ತವಲ್ಲ, ಅದಕ್ಕೆ ನಾವು ಜ್ವರ ಅಂತೀವಿ. ಸೊಪ್ಪು ಹಾಕಂಗಿಲ್ಲ. ಇವತ್ತೊಂದಿನ ಸೊಂಟಕ್ಕೆ ಬಿಡುವು.

ಮಧ್ಯಾಹ್ನ ಒರಗಾನ ಅಂದ್ರೆ ಸಿರಿ ಬಿಡಲ್ಲ. ಪಕ್ಕ ಮಲಗಿ ನಿದ್ದೆಗಣ್ಣಲ್ಲಿ ನನ್ನ ದವಡೆ ತಡಕ್ತದೆ. ಇರುವೆ ಹರಿದಂಗಾಗ್ತದೆ. ಕೈ ತಳ್ಳಿದ್ರೆ ಮತ್ತೆ ಬತ್ತದೆ. ಕಾರ್ತೀಕದಿಂದ ಇದೇ ಗೋಳು. ಏನು ಕೆಟ್ಟ ಅಭ್ಯಾಸ ಕಲ್ಸಿದ್ಲೋ ಇದರಮ್ಮ.

ಸೆಪ್ಟೆಂಬರ್ 3, ಬುಧವಾರ

ಅಸ್ರಾ ಕೆಂಪರಾಜು ಫೋನಿಗೆ ಪಟ ಕಳಿಸವ್ಳೆ. ಕಪ್ಪು ಮಾಡವ್ಳೆ, ಒಲೆ ಮುಂದೆ ಕೂತು ಎದ್ದು ಬಂದಂಗೆ. ಸಿರಿಗೆ ತೋರಿಸಿದೆ.

"ಆ ಆಂಟಿನೇ ಅಜ್ಜಿ. ಬಿಸಿಲಲ್ಲಿ ನಿಂತವ್ಳೆ."

ಹುಳ ಜ್ವರದಿಂದ ಎದ್ದವೆ. ಬಕಾಸುರನ ಹಂಗೆ ಸೊಪ್ಪು ಕೇಳ್ತವೆ. ಇನ್ನು ಬರೆಯೋಕಾಗಲ್ಲ.

ಸೆಪ್ಟೆಂಬರ್ 6, ಶನಿವಾರ

"ಹುಳ ಸೊಪ್ಪು ಸೊಪ್ಪು ಅಂತಿರೋವಾಗ ಸ್ಟುಡಿಯೋಗೆ ಹೊರಟ್ಯಲ್ಲವ್ವ" ಅಂತ ಕೆಂಪರಾಜು ಮೊಕ ಊದಿಸಿದ. ನಿನ್ನ ಹೆಂಡತಿಗೆ ಕಣ್ಲಾ ಅಂದೆ. ಸೊಪ್ಪಿನ ಬುಟ್ಟಿ ಎತ್ಕೊಂಡು ತೋಟಕ್ಕೆ ಹೋದ.

ಅಸ್ರಾ ಹೊಸದೇನೋ ಬಂದೈತೆ ಅಂತ ಒಂದು ಗುಂಡಿ ಒತ್ತಿದಳು. ಮಸುಕಾಗಿರೋದನ್ನ ತಾನೇ ಊಹೆ ಮಾಡಿ ತುಂಬ್ತದಂತೆ. ತುಂಬ್ತು. ಬಾಯಿ ತುಂಬ ನೆಟ್ಟನೆ ಹಲ್ಲು, ಟೂತ್‌ಪೇಸ್ಟ್ ಡಬ್ಬದ ಮೇಲಿರೋಳ ಹಂಗೆ.

"ತೆಗಿ ತೆಗಿ. ಅಷ್ಟೊಂದು ಹಲ್ಲಿದ್ದಿದ್ರೆ ನನ್ನ ಕಚ್ಚೇ ಬಿಡ್ತಿದ್ಲು."

"ಅಜ್ಜಿ, ನೀವು ಹೇಳ್ತಾ ಹೋಗಿ, ನಾನು ಕೈಯಲ್ಲೇ ಮಾಡ್ತೀನಿ" ಅಂದಳು.

ಹೇಳಿದೆ. ಹುಬ್ಬು ನಡುವೆ ಸೇರೋಕೆ ಒಸಿ ಬಾಕಿ. ಮೂಗಿನ ತುದಿ ದಪ್ಪ, ಸಿಟ್ಟು ಬಂದ್ರೆ ಇನ್ನೂ ದಪ್ಪ. ಮೇಲ್ತುಟಿ ಆ ಹಲ್ಲಿನ ಮೇಲೆ ನೆಟ್ಟಗೆ ಕೂರಲ್ಲ, ಅದಕ್ಕೇ ಸುಮ್ಮನಿದ್ರೂ ಏನೋ ಹೇಳೋಕೆ ಹೊರಟೋಳ ಹಂಗೆ ಕಾಣ್ತಾಳೆ. ಬಣ್ಣ ಎಂಗೆ ಅಂದ್ರೆ, ಹಿಪ್ಪುನೇರಳೆ ಹಣ್ಣು ಹಿಂಡಿದ ಕೈ ತೊಳೆದ ಮೇಲೂ ಉಳೀತದಲ್ಲ, ಅದು. ಅಸ್ರಾ ಬಣ್ಣದ ಮೇಲೆ ಬಣ್ಣ ತೋರಿಸಿದಳು. ಒಂದಕ್ಕೆ ಹ್ಞೂಂ ಅಂದೆ.

ಮಚ್ಚೆ ಹತ್ರ ಬಂದು ಸಿಕ್ಕಾಕಿಕೊಂಡ್ವಿ. ದವಡೆ ಕೆಳಗೆ, ಕಡಲೆಕಾಳಿನಷ್ಟು, ಉಬ್ಬಿದ್ದು. ಯಾವ ಕಡೆ? ಎಡಗಡೆ ಅಂದೆ. ಅಸ್ರಾ ಪಟಾನ ದೊಡ್ಡದು ಮಾಡಿ ನೋಡಿ, "ಅಜ್ಜಿ, ಬಲ ದವಡೆ ಮೇಲೆ ಒರೆಸಿದ ಗುರುತು ಕಾಣ್ತಿದೆ" ಅಂದಳು. ಕೆಂಪರಾಜುಗೆ ಫೋನ್ ಮಾಡಿಸಿದೆ. ಎಡಗಡೆ ಅಂದ, ತಡಿ ಬಲಗಡೆ ಅಂದ, ಆಮೇಲೆ ನೀನೇ ನೋಡ್ಕೊ ಅವ್ವ ಅಂತ ಫೋನ್ ಇಟ್ಬುಟ್ಟ. ಸಿದ್ದಮ್ಮನ್ನ ಕೇಳಿದ್ರೆ ಅತ್ತುಬುಟ್ರು.

ಒಂದೇ ಸೂರಿನ ಕೆಳಗೆ ಇದ್ದೋರು, ಹೆತ್ತೋರು, ಎಲ್ಲ ಸೇರಿ ಒಂದು ಮಚ್ಚೆ ಹಿಡೀಲಾರ್ದೆ ಹೋದ್ವಿ. ನಂದು ಮುದಿ ತಲೆ, ಪಟ ಹೇಳಿದ್ದೇ ಸರಿ ಇರಬೇಕು ಅಂತ ಬಲಕ್ಕೇ ಇಡಿಸಿ ಬಂದೆ. ಬಸ್ಸಲ್ಲಿ ಸೀಟು ಸಿಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಹುಳ ಹಣ್ಣಾದವು. ಆರಿಸಿ ಚಂದ್ರಿಕೆ ತಟ್ಟೆಗೆ ಬುಟ್ವಿ, ಇನ್ನು ಗೂಡು ಕಟ್ಕೊತವೆ. ಹಣ್ಣು ಹುಳ ಯಾವುದು, ಹಸಿ ಹುಳ ಯಾವುದು ಅಂತ ನನಗೀಗ ಕಣ್ಣು ಸಾಲದು. ರಮ್ಯಾ ಗಲ್ಲ ಎತ್ತಿ, ಹುಳಾನ ಕಿಟಕಿ ಬೆಳಕಿಗೆ ಹಿಡಿದು, ಇದಾಯ್ತು, ಇದಿಲ್ಲ, ಇದಾಯ್ತು ಅಂತ ಹಾಡ್ಕೊಂಡಂಗೆ ಹೇಳ್ತಿದ್ಲು. ಕೆಂಪರಾಜು ಆರಿಸಿದ್ರಲ್ಲಿ ಅರ್ಧ ಹಸಿ.

ಅಸ್ರಾ ಕಳಿಸಿದ ಪಟ ಸಿರಿಗೆ ತೋರಿಸಿದೆ. ಈ ಸಲ ಬಹಳ ಹೊತ್ತು ನೋಡಿತು.

"ಇವಳು ಅಮ್ಮನ ಅಕ್ಕನಾ?"

ಹತ್ರ ಬಂದವ್ಳೆ. ಮನೆ ಒಳಕ್ಕೆ ಬಂದಿಲ್ಲ. ಇನ್ನೇನು ಮಾಡಬೇಕೋ ನನಗೆ ತಿಳೀತಿಲ್ಲ, ಸಾಕಾಯ್ತು.

ಸೆಪ್ಟೆಂಬರ್ 13, ಶನಿವಾರ

ಗೂಡು ಕಟ್ಟೋ ಹೊತ್ತಲ್ಲಿ ಹುಳದ ಮನೇಲಿ ಸದ್ದು ಮಾಡಂಗಿಲ್ಲ. ಊಟ ಆದ ಮೇಲೆ ಸಿರೀನ ಪಕ್ಕದಲ್ಲಿ ಹಾಕ್ಕೊಂಡು ಮಲಗಿದ್ದೆ. ನನ್ನ ಬಲಗಡೆ ಮಲಗಿತ್ತು. ಕೈ ಬಂತು. ಬಲ ದವಡೆ ಕೈಗೆ ಹತ್ರ ಇತ್ತಲ್ಲ, ಅದನ್ನ ಮುಟ್ಟಲಿಲ್ಲ. ಗಲ್ಲ ದಾಟಿ ಆ ಕಡೆ ಹೋಗಿ ಎಡ ದವಡೆ ಕೆಳಗೆ ಹುಡುಕ್ತು. ಬೆರಳಲ್ಲಿ ಸುತ್ತಿ ಸುತ್ತಿ ನೋಡ್ತು. ಇಲ್ಲ ಅಂತಾದಾಗ ಬಾಯಲ್ಲಿ ಚಪ್ ಅಂತ ಸದ್ದು ಮಾಡಿ ಆ ಕಡೆ ತಿರುಗಿ ಮಲಗ್ತು.

ಇಷ್ಟು ದಿನ ಈ ಕೈಯನ್ನ ತಳ್ತಾ ಇದ್ದೆ.

ನಿದ್ದೆ ಎಲ್ಲಿಂದ ಬತ್ತದೆ. ಎದ್ದು ಮೂಟೆ ಪಕ್ಕದ ಪಟ ತಿರುಗಿಸ್ಕೊಂಡು ಕೂತೆ. ಕೂಸು ಎಡ ಅಂತದೆ, ಪಟ ಬಲ ಅಂತದೆ. ಕೂಸಿನ ಬೆರಳು ಸುಳ್ಳು ಹೇಳಕಿಲ್ಲ. ಹಂಗಾದ್ರೆ ಸುಳ್ಳು ಹೇಳ್ತಿರೋದು ಪಟ. ಅವಾಗ ಕಣ್ಣಿಗೆ ಬಿತ್ತು ಸೆರಗು. ಬಲ ಭುಜದ ಮೇಲೆ. ಯುಗಾದಿ ದಿನ ಅವಳು ನನ್ನೆದುರಿಗೇ ಬಡಿಸಿದ್ಲು, ಸೆರಗು ಸೊಂಟಕ್ಕೆ ಸಿಗಿಸ್ಕೊಂಡು. ಬಲಕ್ಕೆ ಹಾಕಿದ್ರೆ ನಾನು ಬಿಡ್ತಿದ್ನಾ? ಕನ್ನಡಿ ತಂದು ಪಟದ ಮುಂದೆ ಹಿಡಿದೆ. ಕನ್ನಡಿಯೊಳಗೆ ಸೆರಗು ಎಡಕ್ಕೆ ಬಂತು.

ಫೋನು ಅವಳನ್ನ ತಿರುವಿ ಹಾಕೈತೆ. ಅವಳ ಎಡ ಬಲ ಮಾಡೈತೆ.

ಸೆರಗು ಸರಿಯಾಗೇ ಹಾಕಿದ್ಲು.

ಸೆಪ್ಟೆಂಬರ್ 15, ಸೋಮವಾರ

ಸಿರೀನೂ ಕರ್ಕೊಂಡು ಹೋದೆ. ಸ್ಟುಡಿಯೋ ಬಾಗಿಲಲ್ಲೇ ಹೇಳಿದೆ, "ಅಸ್ರಾ, ಪಟ ತಿರುವಿ ಹಾಕು."

"ತಲೆಕೆಳಗಾ ಅಜ್ಜಿ?"

"ಎಡ ಬಲ ಮಾಡು. ಸೆರಗು ನೋಡು. ನಮ್ಮ ಕಡೆ ಯಾರು ಹಂಗೆ ಉಡ್ತಾರೆ?"

ಅವಳು ಸೆರಗು ನೋಡಿದಳು, ನನ್ನ ನೋಡಿದಳು, ಹಣೆ ಚಚ್ಕೊಂಡಳು. "ಯಾ ಅಲ್ಲಾ! ಸೆಲ್ಫಿ ಅಲ್ವಾ, ಕನ್ನಡಿ ಥರ ಬಂದಿದೆ. ದಿನಾ ಇದೇ ಕೆಲಸ ಮಾಡ್ತೀನಿ, ನನಗೇ ಹೊಳೀಲಿಲ್ಲ ನೋಡಿ."

ಅದಕ್ಕೊಂದು ಗುಂಡಿ ಮೊದಲಿಂದ ಇತ್ತಂತೆ. ಒತ್ತಿದಳು.

ನಾನು ಸ್ಟೂಲಿಂದ ಎದ್ದು ನಿಂತ್ಕೊಂಡೆ. ಯಾಕೆ ಎದ್ದೆನೋ. ಸೊಪ್ಪು ದಪ್ಪ ಹೆಚ್ಚಿದ್ದೀಯ ಅನ್ನೋಕೆ ಬಾಯಿ ತೆರೆದೆ, ಸ್ಟುಡಿಯೋದಲ್ಲಿ ಅದೇನು ಮಾತು ಅಂತ ಮುಚ್ಕೊಂಡೆ.

ಸಿರಿ ಕುರ್ಚಿ ಹತ್ತಿ, ಯಾರನ್ನೂ ಕೇಳದೆ, ಕಂಪ್ಯೂಟರ್ ಗಾಜಿನ ಮೇಲೆ ಆ ಮಚ್ಚೆಗೇ ಬೆರಳಿಟ್ಟಳು. ಸುತ್ತಿದಳು. ಆಮೇಲೆ ನನ್ನ ಕಡೆ ತಿರುಗಿ ಅಂದಳು:

"ಅಜ್ಜಿ, ಅಮ್ಮಂದು ಇದು ಮೆತ್ತಗಿಲ್ಲ."

ಅಸ್ರಾ ನೀರು ಕುಡಿಯೋಕೆ ಅಂತ ಒಳಗೆ ಹೋದಳು. ಬರೋಕೆ ತಡ ಆಯ್ತು.

ಸೆಪ್ಟೆಂಬರ್ 21, ಭಾನುವಾರ. ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ವಿ. ರಮ್ಯಾಗೆ ಇನ್ನೂ ವರ್ಷ ತುಂಬಿಲ್ಲ, ಅವಳದು ಮುಂದಿನ ತಿಂಗಳು. ಹೊಸ ಪಟಾನ ಕೆಂಪರಾಜು ನಿನ್ನೆನೇ ಮೊಳೆ ಹೊಡೆದು ಹಾಕ್ದ. ಸಿದ್ದಮ್ಮ ಬಂದು ಬಾಗಿಲಲ್ಲೇ ನಿಂತ್ರು.

"ಕಪ್ಪಗವ್ಳೆ" ಅಂದ್ರು. ಹತ್ರ ಹೋಗಿ ನೋಡಿ, "ಏನೋ ಹೇಳೋಕೆ ಹೊರಟಂಗವ್ಳೆ" ಅಂದ್ರು.

"ನನಗೇ ಕಣ್ರಮ್ಮಾ, ಬೈಯೋಕೆ" ಅಂದೆ.

ಅಳ್ತಾ ನಕ್ಕರು. ಸಾಯಂಕಾಲ ಹೊರಟಾಗ ಮೂಟೆ ಪಕ್ಕದ ಬೆಳ್ಳನೆ ಪಟಾನ ಟವೆಲಲ್ಲಿ ಸುತ್ತಿ ಅವರ ಚೀಲಕ್ಕೆ ಹಾಕಿದೆ. ಬೆಳ್ಳಗಿರೋಳು ತೌರಲ್ಲಿರಲಿ. ನಮ್ಮವಳು ಇಲ್ಲಿರಲಿ.

ಸೆಪ್ಟೆಂಬರ್ 24, ಬುಧವಾರ

ಚನ್ನಪಟ್ಟಣಕ್ಕೆ ಹೋಗಿ ಹೇಳಿ ಬರೆಸಿದೆ. ಅಸ್ರಾ ಇಂಗ್ಲಿಷಲ್ಲಿ ಹಾಕ್ತೀನಿ ಅಂದಳು. ಕನ್ನಡದಲ್ಲೇ ಹಾಕು, ಓದೋಕೆ ಬರದಿದ್ರೆ ಯಾರನ್ನಾದ್ರೂ ಕೇಳ್ಕೊಳ್ಳಲಿ ಅಂದೆ. "ಅವರು ಉತ್ತರ ಕೊಡಲ್ಲ ಅಜ್ಜಿ" ಅಂದಳು. ನನಗೆ ಕೊಡ್ತಾರೆ ಅಂದೆ. ಬರೆಸಿದ್ದು ಇಲ್ಲೂ ಇರಲಿ:

ಪಟ ತಿದ್ದೋ ಸಾಫ್ಟ್‌ವೇರ್ ಮಾಡಿದೋರಿಗೆ ಹೊಂಗನೂರಿನ ದೊಡ್ಡಲಕ್ಷ್ಮಮ್ಮ ಹೇಳೋದು ಏನಂದ್ರೆ, ಬೆಳ್ಳಗೆ ಮಾಡೋಕೆ ಗುಂಡಿ ಇಟ್ಟಿದ್ದೀರಿ, ಸಣ್ಣ ಮಾಡೋಕೆ ಇಟ್ಟಿದ್ದೀರಿ, ಇದ್ದಂಗೆ ಮಾಡೋಕೆ ಒಂದೂ ಇಲ್ಲ. ಮೊದಲು ಅದನ್ನ ಮಾಡಿ. ಹೆಣ್ಣುಮಕ್ಕಳು ಬೆಳ್ಳಗಾಗಬೇಕು ಅಂದ್ರೆ ಆಗಲಿ, ಅವರಿಷ್ಟ. ಆದರೆ ಅವರ ನಿಜವಾದ ಮೊಕಾನ ಬಿಸಾಡಬೇಡಿ, ಒಳಗೆ ಮಡಿಚಿಡಿ, ಮುಂದೆ ಯಾರಾದ್ರೂ ಕೇಳ್ಕೊಂಡು ಬತ್ತಾರೆ. ತಿರುವಿದ ಪಟ ಆದ್ರೆ ತಿರುವಿದ್ದು ಅಂತ ಮೂಲೇಲಿ ಬರೀರಿ, ನಮ್ಮಂಥೋರು ಸೆರಗು ನೋಡಿ ತಪ್ಪು ತಿಳ್ಕೊತಾರೆ. ಅಸ್ರಾಳ ಒತ್ತಕ್ಷರ ಸರಿ ಮಾಡಿಕೊಡಿ, ಆ ಹುಡುಗಿ ಕೇಳಿ ಕೇಳಿ ಸೋತವ್ಳೆ. ಕೊನೇದು, ನಮ್ಮ ರಮ್ಯಾಳ ದವಡೆ ಮಚ್ಚೆ ಗಾಜಿನ ಮೇಲೆ ಕೈಗೆ ಸಿಕ್ತಿಲ್ಲ ಅಂತ ಕೂಸು ಕೇಳ್ತದೆ. ಮುಟ್ಟಿದ್ರೆ ಮೆತ್ತಗೆ ಸಿಗೋ ಹಂಗೆ ಮಾಡೋಕಾಗ್ತದಾ? ಆಗಲ್ಲ ಅಂದ್ರೆ ಆಗಲ್ಲ ಅಂತ ಬರೀರಿ, ಕೂಸಿಗೆ ಏನಾದ್ರೂ ಹೇಳಬೇಕಲ್ಲ. ಧನ್ಯವಾದ ಅಂತ ಕಳಿಸಿ ಕೈ ತೊಳ್ಕೊಂಡ್ರೆ ನಾನು ಬುಡಕಿಲ್ಲ. ಮುಂದಿನ ತಿಂಗಳು ಅವಳ ತಿಥಿ. ಆ ತಿಂಗಳು ಹುಟ್ಟೋದ್ರೊಳಗೆ ಉತ್ತರ ಬರೀರಿ.